ಬೂಟ್ ಆಗದ ಬಾಕ್ಸ್ ಮಾತಾಡುವಂತೆ ಮಾಡಿದ್ದು: ಬೂಟ್‌ಲೋಡರ್‌ನಿಂದ ನೆಟ್‌ವರ್ಕ್ ಸಂದೇಶ, ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಕಂಪನಿ, ಕಾರ್ಖಾನೆ, ಜನ ಯಾರ ಹೆಸರನ್ನೂ ಹೇಳುತ್ತಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ತಾಂತ್ರಿಕ ವಿಷಯವನ್ನು ಮಾತ್ರ ಮುಟ್ಟಿಲ್ಲ. ಡಿವೈಸ್ ಮಾಡಿ ದೂರದ ಊರಲ್ಲಿ ಇಟ್ಟು ಬಂದವರಿಗೆ ಇದು ಉಪಯೋಗಕ್ಕೆ ಬರಬೇಕು ಅನ್ನೋದು ನನ್ನ ಆಸೆ.

ಹಿನ್ನೆಲೆ

ಬೆಂಗಳೂರಿನ ಒಂದು ಸಣ್ಣ ಕಂಪನಿ ಕಾರ್ಖಾನೆಗಳಿಗೆ ಗೇಟ್‌ವೇ ಮಾಡಿ ಕೊಡುತ್ತದೆ. ಯಂತ್ರಗಳನ್ನು ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಿಂದ ರೀಡಿಂಗ್ ತೆಗೆದು ಕಂಟ್ರೋಲ್ ರೂಮಿನ ಸರ್ವರ್‌ಗೆ ಕಳಿಸುವ ಬಾಕ್ಸ್ ಅದು. ಒಳಗೆ ಐ.ಎಂಎಕ್ಸ್6 ಚಿಪ್, ಯು-ಬೂಟ್ ಬೂಟ್‌ಲೋಡರ್ (ಕರೆಂಟ್ ಬಂದಾಗ ಮೊದಲು ಓಡಿ ಲಿನಕ್ಸ್ ಎಬ್ಬಿಸುವ ಚಿಕ್ಕ ಪ್ರೋಗ್ರಾಂ), ಅದರ ಮೇಲೆ ಲಿನಕ್ಸ್. ಯು-ಬೂಟ್ ಕೂತಿರುವುದು ಚಿಕ್ಕ ಎಸ್‌ಪಿಐ ಫ್ಲ್ಯಾಶ್‌ನಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತು ಉಳಿದದ್ದೆಲ್ಲ ಇಎಂಎಂಸಿ ಎಂಬ ದೊಡ್ಡ ಫ್ಲ್ಯಾಶ್‌ನಲ್ಲಿ, ಎ ಮತ್ತು ಬಿ ಎಂಬ ಎರಡು ಸ್ಲಾಟ್‌ಗಳಾಗಿ (ಒಂದು ಕೆಟ್ಟರೆ ಇನ್ನೊಂದು). ಈ ಎರಡು ಮೆಮೊರಿಗಳ ವಿಷಯ ನೆನಪಿರಲಿ, ಇಡೀ ಕಥೆ ಇದರ ಮೇಲೇ ನಿಂತಿದೆ.

ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಈ ಬಾಕ್ಸ್‌ಗಳನ್ನು ಹಾಕಿದ್ದರು. ಕಬ್ಬು ನುರಿಸುವ ಹಂಗಾಮು ಶುರುವಾದರೆ ಅಲ್ಲಿ ಹಗಲು ರಾತ್ರಿ ಮಿಲ್ ಓಡುತ್ತದೆ. ಪ್ಯಾನೆಲ್ ತೆಗೆಯಬೇಕೆಂದರೆ ಪರ್ಮಿಟ್ ಬೇಕು, ಶಿಫ್ಟ್ ಇನ್‌ಚಾರ್ಜ್ ಒಪ್ಪಬೇಕು. ಬೂಟ್ ಆಗುವಾಗಿನ ಸಾಲುಗಳನ್ನು ತೋರಿಸುವ ಸೀರಿಯಲ್ ಕನ್ಸೋಲ್ ಬಾಕ್ಸ್‌ನ ಒಳಗಿರುವ ಮೂರು ಪಿನ್‌ಗಳ ಹೆಡರ್. ಅಂದರೆ, ಹಂಗಾಮಿನಲ್ಲಿ ಆ ಪಿನ್‌ಗಳಿಗೆ ಲ್ಯಾಪ್‌ಟಾಪ್ ಸಿಕ್ಕಿಸುವುದು ಆಗದ ಮಾತು.

ತೊಂದರೆ

ಕಾರ್ಖಾನೆಗೆ ತನ್ನದೇ ಟರ್ಬೈನ್ ಇದೆ, ಗ್ರಿಡ್ ಕರೆಂಟೂ ಇದೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಕಣ್ಣು ಮಿಟುಕಿಸಿದಷ್ಟು ಹೊತ್ತು ಕರೆಂಟ್ ಕುಸಿಯುತ್ತದೆ. ಆಮೇಲೆ ಹೆಚ್ಚಿನ ಬಾಕ್ಸ್‌ಗಳು ತಾವೇ ಎದ್ದು ಬರುತ್ತಿದ್ದವು. ಒಂದೋ ಎರಡೋ ಮಾತ್ರ ಏಳುತ್ತಲೇ ಇರಲಿಲ್ಲ. ಪ್ರತಿ ಸಲವೂ ಅದೇ ಬಾಕ್ಸ್ ಅಂತಲೂ ಇಲ್ಲ.

ಸರ್ವರ್‌ನಲ್ಲಿ ಕಾಣುವುದು ಬರೀ ‘ಆಫ್‌ಲೈನ್’ ಅನ್ನುವ ಪದ. ಲಿನಕ್ಸ್ ಎದ್ದೇ ಇಲ್ಲ ಅಂದಮೇಲೆ ಲಾಗ್ ಎಲ್ಲಿಂದ ಬರಬೇಕು? ಕೇಬಲ್ ಹೋಗಿದೆಯೋ, ಪವರ್ ಸಪ್ಲೈ ಸತ್ತಿದೆಯೋ, ಯು-ಬೂಟ್ ಕೆಟ್ಟಿದೆಯೋ, ಕರ್ನಲ್ ಪ್ಯಾನಿಕ್ ಆಗಿದೆಯೋ, ಎಲ್ಲದಕ್ಕೂ ಹೊರಗಿನಿಂದ ಒಂದೇ ಮುಖ. ಬಾಕ್ಸ್ ಬಿಚ್ಚಿ ಬೆಂಗಳೂರಿಗೆ ತರಿಸಿದರೆ ಟೇಬಲ್ ಮೇಲೆ ಸಲೀಸಾಗಿ ಓಡುತ್ತಿತ್ತು.

ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದ ಎಂಜಿನಿಯರ್ ಜೊತೆ ಕಂಪನಿಯ ಫರ್ಮ್‌ವೇರ್ ಎಂಜಿನಿಯರ್ ಮಾಡಿದ ಒಂದು ಫೋನ್ ಕಾಲ್ ಹೀಗಿತ್ತು:

“ಲೈಟ್ ಹತ್ತೈತ್ರಿ ಮೇಡಂ, ಡಾಟಾ ಬರವಲ್ದು.”

“ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ ಸರ್?”

“ಮಾಡೀನ್ರಿ. ಲಗೂನ ಹಚ್ಚಿದ್ರ ಬರಂಗಿಲ್ಲ. ಆಫ್ ಮಾಡಿ ಹತ್ತು ಎಣಿಸಿ ಹಚ್ಚಿದ್ರ ಬರ್ತೈತಿ.”

ಹತ್ತು ಎಣಿಸುವ ಈ ಮಾತನ್ನು ಮೇಡಂ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಆಗ ಅದರ ಅರ್ಥ ಯಾರಿಗೂ ಹೊಳೆದಿರಲಿಲ್ಲ. ಆದರೆ ಸ್ಥಳದಲ್ಲಿರುವವರು ಹೇಳುವ ಇಂಥ ಮಾತನ್ನು ಹಾಗೇ ಅವರ ಮಾತಿನಲ್ಲೇ ಬರೆದಿಡಬೇಕು. ‘ರೀಬೂಟ್ ಮಾಡಿದರೆ ಸರಿಹೋಗುತ್ತೆ’ ಅಂತ ಬರೆದಿದ್ದರೆ ಇದ್ದ ಒಂದೇ ಸುಳಿವೂ ಕಳೆದುಹೋಗುತ್ತಿತ್ತು.

ತಂಡದ ಮುಂದೆ ಇದ್ದ ಪ್ರಶ್ನೆ ಇಷ್ಟು: ಲಿನಕ್ಸ್ ಏಳುವ ಮೊದಲೇ, ಬೂಟ್‌ಲೋಡರ್ ಹಂತದಲ್ಲೇ, ಬಾಕ್ಸ್ ತನ್ನ ಸ್ಥಿತಿಯನ್ನು ನೆಟ್‌ವರ್ಕ್ ಮೇಲೆ ಹೇಳಬಹುದಾ?

ಮೊದಲು ನೋಡಿದ್ದು: ನೆಟ್‌ಕನ್ಸೋಲ್

ಯು-ಬೂಟ್‌ನಲ್ಲಿ ಇದಕ್ಕೆ ನೆಟ್‌ಕನ್ಸೋಲ್ ಅಂತ ಒಂದು ಸೌಲಭ್ಯ ಮೊದಲಿನಿಂದಲೂ ಇದೆ. ಸೀರಿಯಲ್ ಮೇಲೆ ಬರುವ ಅಕ್ಷರಗಳನ್ನೆಲ್ಲ ಯುಡಿಪಿ (ತಲುಪಿತೋ ಅಂತ ಕೇಳದೆ ಕಳಿಸಿಬಿಡುವ) ಪ್ಯಾಕೆಟ್‌ಗಳಾಗಿ, ಸಾಮಾನ್ಯವಾಗಿ 6666ನೇ ಪೋರ್ಟ್‌ಗೆ, ಕಳಿಸುತ್ತದೆ. ಟೇಬಲ್ ಮೇಲೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡಿತು. ಇಷ್ಟೇ ಸಾಕಲ್ವಾ ಅಂತ ಕೆಲವರಿಗೆ ಅನ್ನಿಸಿತು.

ಬೇಡ ಅನ್ನಲು ಕಾರಣ ಅದರ ಇನ್‌ಪುಟ್ ಭಾಗ. ನೆಟ್‌ಕನ್ಸೋಲ್‌ನಲ್ಲಿ ಕೀಬೋರ್ಡ್ ಕೂಡ ನೆಟ್‌ವರ್ಕ್ ಮೇಲೇ ಇರಬಹುದು. ಆಗ ಕಾರ್ಖಾನೆಯ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಬೂಟ್ ನಿಲ್ಲಿಸಿ, ಫ್ಲ್ಯಾಶ್ ಅಳಿಸಿ, ಬೇರೆ ಕರ್ನಲ್ ಹಾಕಬಹುದು. ಆ ಪೋರ್ಟ್‌ಗೆ ದಾರಿ ತಪ್ಪಿ ಬಂದ ಒಂದು ಪ್ಯಾಕೆಟ್ ಸಾಕು, ತಾನಾಗೇ ನಡೆಯುವ ಬೂಟ್ ನಿಂತು ಬಾಕ್ಸ್ ಕಮಾಂಡ್‌ಗೆ ಕಾಯುವ ಪ್ರಾಂಪ್ಟ್‌ನಲ್ಲಿ ಕೂತುಬಿಡುತ್ತದೆ. ಔಟ್‌ಪುಟ್ ಮಾತ್ರ ಇಟ್ಟುಕೊಳ್ಳಬಹುದು, ನಿಜ. ಆದರೆ ಅದಕ್ಕೂ ಮೊದಲು ನೆಟ್‌ವರ್ಕ್ ಏಳುವ ತನಕ ಬೂಟ್ ಕಾಯಬೇಕು. ಜೊತೆಗೆ ನೂರಾರು ಸಾಲಿನ ಮಾತಿನಲ್ಲಿ ಬೇಕಾದ ಒಂದು ಸಾಲನ್ನು ಹುಡುಕಬೇಕು.

ಇಲ್ಲಿ ತಂಡ ಮಾಡಿಕೊಂಡ ನಿರ್ಧಾರ ಕೊನೆವರೆಗೂ ಉಳಿಯಿತು. ಬಾಕ್ಸ್ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಸರ್ವರ್‌ನಿಂದ ವಾಪಸ್ ‘ಬಿ ಸ್ಲಾಟ್‌ನಿಂದ ಬೂಟ್ ಆಗು’ ಅಂತ ಹೇಳಿಸಿದರೆ ಹೇಗೆ ಅನ್ನುವ ಪ್ರಸ್ತಾಪವೂ ಬಂತು. ಅದನ್ನೂ ಅಲ್ಲೇ ಬಿಟ್ಟರು. ಗುರುತು ಖಾತ್ರಿ ಮಾಡಿಕೊಳ್ಳದ ಯುಡಿಪಿ ಪ್ಯಾಕೆಟ್ ನಂಬಿ ಬೂಟ್ ದಾರಿ ಬದಲಿಸುವುದು ನನ್ನ ದೃಷ್ಟಿಯಲ್ಲಿ ಯಾವ ಕಾರಣಕ್ಕೂ ಸರಿಯಲ್ಲ.

ಫೈಲ್ ಹೆಸರಿನಲ್ಲೇ ಸುದ್ದಿ

ಹಂಗಾಮಿನ ಮಧ್ಯೆ ದೂರದಿಂದ ಯು-ಬೂಟ್ ಬದಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕರೆಂಟ್ ಹೀಗೆ ಕುಸಿಯುವ ಜಾಗದಲ್ಲಿ ಬೂಟ್‌ಲೋಡರ್ ಬರೆಯುವಾಗಲೇ ಕರೆಂಟ್ ಹೋದರೆ ಬಾಕ್ಸ್ ಕಲ್ಲಾಗುತ್ತದೆ. ಆದರೆ ಯು-ಬೂಟ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಅದರ ಸೆಟ್ಟಿಂಗ್ ಮತ್ತು ಬೂಟ್ ಸ್ಕ್ರಿಪ್ಟ್) ಲಿನಕ್ಸ್‌ನಿಂದಲೇ ಬದಲಿಸಬಹುದು. ಅದರ ಎರಡು ಪ್ರತಿ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಹಾಗಾಗಿ ಹೊಸ ಕೋಡ್ ಇಲ್ಲದೆ ಏನು ಮಾಡಬಹುದು ಅಂತ ಯೋಚಿಸಿದರು.

ಸಿಕ್ಕ ಉಪಾಯ ಸೊಗಸಾಗಿತ್ತು. ಯು-ಬೂಟ್‌ಗೆ ಟಿಎಫ್‌ಟಿಪಿ, ಅಂದರೆ ನೆಟ್‌ವರ್ಕ್ ಮೇಲೆ ಫೈಲ್ ತರಿಸುವ ಸರಳ ವಿಧಾನ, ಗೊತ್ತು. ಸರ್ವರ್‌ನಿಂದ ಇಲ್ಲದ ಒಂದು ಫೈಲ್ ಕೇಳಬೇಕು. ಆ ಫೈಲ್‌ನ ಹೆಸರಿನಲ್ಲೇ ಬಾಕ್ಸ್‌ನ ಸೀರಿಯಲ್ ನಂಬರ್, ಬೂಟ್‌ಕೌಂಟ್ (ಪೂರ್ತಿ ಏಳದೆ ಎಷ್ಟು ಸಲ ಬೂಟ್ ಆಗಲು ನೋಡಿದೆ ಅನ್ನುವ ಎಣಿಕೆ), ಸ್ಲಾಟ್ ಇರಬೇಕು. ಸರ್ವರ್ ‘ಫೈಲ್ ಇಲ್ಲ’ ಅನ್ನುತ್ತದೆ, ಆದರೆ ಯಾರು ಏನು ಕೇಳಿದರು ಅಂತ ತನ್ನ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ಆ ಉತ್ತರ ಬಂದ ಕೂಡಲೇ ಯು-ಬೂಟ್ ಮತ್ತೆ ಪ್ರಯತ್ನಿಸದೆ ಮುಂದಿನ ಕೆಲಸಕ್ಕೆ ಹೋಗುತ್ತದೆ. ಬೂಟ್ ಸ್ಕ್ರಿಪ್ಟ್‌ನ ಮೊದಲಿಗೆ ಈ ಸಾಲು ಸೇರಿಸಿದರು. ‘ನೆಟ್‌ರಿಟ್ರೈ’ ವೇರಿಯಬಲ್ ಅನ್ನು ‘ನೋ’ ಅಂತ ಇಟ್ಟರು. ಅದು ‘ಯೆಸ್’ ಇದ್ದರೆ, ಸರ್ವರ್ ಸಿಗದಿದ್ದಾಗ ಯು-ಬೂಟ್ ಅಲ್ಲೇ ಸುತ್ತುತ್ತಾ ಕೂರುತ್ತದೆ. ವಾಚ್‌ಡಾಗ್ (ಸಿಸ್ಟಂ ಸ್ತಬ್ಧವಾದರೆ ರೀಸೆಟ್ ಮಾಡುವ ಟೈಮರ್) ಕಾಪಾಡುತ್ತೆ ಅಂತ ನಂಬುವ ಹಾಗೂ ಇಲ್ಲ. ನೆಟ್‌ವರ್ಕ್‌ಗಾಗಿ ಕಾಯುವ ಲೂಪ್ ಒಳಗೇ ಯು-ಬೂಟ್ ವಾಚ್‌ಡಾಗ್ ಅನ್ನು ಸಮಾಧಾನ ಮಾಡುತ್ತಿರುತ್ತದೆ.

ಟೇಬಲ್ ಮೇಲೆ ಎಲ್ಲ ಸರಿ ಬಂತು. ಕಾರ್ಖಾನೆಯಲ್ಲಿ ಎರಡು ವಿಷಯ ಒಟ್ಟಿಗೆ ಆದವು.

ಒಂದು ಒಳ್ಳೆಯದು. ಮುಂದಿನ ಸಲ ಕರೆಂಟ್ ಕುಸಿದು ಒಂದು ಬಾಕ್ಸ್ ಎದ್ದೇಳದೆ ಹೋದಾಗ, ಸರ್ವರ್ ಲಾಗ್‌ನಲ್ಲಿ ಅದರ ಹೆಸರಿನ ವಿನಂತಿ ಇತ್ತು! ಅಂದರೆ ಪವರ್ ಸರಿ ಇದೆ, ಕೇಬಲ್ ಸರಿ ಇದೆ, ಯು-ಬೂಟ್ ಬದುಕಿದೆ. ಸಾಯುತ್ತಿರುವುದು ಅದರ ನಂತರ. ಅನುಮಾನದ ಪಟ್ಟಿಯಲ್ಲಿ ಅರ್ಧಕ್ಕರ್ಧ ಒಂದೇ ಸಾಲಿನಿಂದ ಹೋಯಿತು. ಬೂಟ್‌ಲೋಡರ್‌ನಿಂದ ಮಾತಾಡಿಸುವ ಕೆಲಸಕ್ಕೆ ಇನ್ನಷ್ಟು ಸಮಯ ಕೊಡೋಣ ಅಂತ ಮ್ಯಾನೇಜರ್ ಒಪ್ಪಿದ್ದೂ ಈ ಸಾಲಿನಿಂದಲೇ.

ಇನ್ನೊಂದು ಕೆಟ್ಟದ್ದು. ಕೆಲವು ಬಾಕ್ಸ್‌ಗಳಿಂದ ಯಾವತ್ತೂ ವಿನಂತಿಯೇ ಬರುತ್ತಿರಲಿಲ್ಲ. ಅವು ಆರಾಮಾಗಿ ಬೂಟ್ ಆಗುತ್ತಿದ್ದವು, ಆದರೆ ಮೊದಲಿಗಿಂತ ಸುಮಾರು ಅರ್ಧ ನಿಮಿಷ ತಡವಾಗಿ. ಕಂಟ್ರೋಲ್ ರೂಮಿನಲ್ಲಿ ಅಷ್ಟು ಹೊತ್ತು ರೀಡಿಂಗ್ ಖಾಲಿ. ಆಪರೇಟರ್‌ಗಳಿಗೆ ಸಿಟ್ಟು ಬಂದಿತ್ತು, ಅದು ನ್ಯಾಯವೇ.

ಸ್ವಿಚ್‌ಗಳ ಫೋಟೊ

ತಿರುವು ಬಂದದ್ದು ಒಂದು ಸರಳ ಕೋರಿಕೆಯಿಂದ. ಯಾವ ಪ್ಯಾನೆಲ್‌ನಲ್ಲಿ ಯಾವ ನೆಟ್‌ವರ್ಕ್ ಸ್ವಿಚ್ ಇದೆ ಅಂತ ಫೋಟೊ ಕಳಿಸ್ತೀರಾ ಅಂತ ಆ ಎಂಜಿನಿಯರ್‌ನ ಕೇಳಿದರು. ಅವರು ಶಿಫ್ಟ್ ಮುಗಿದ ಮೇಲೆ ಓಡಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಮಾತಾಡುವ ಬಾಕ್ಸ್‌ಗಳೆಲ್ಲ ಮಾಮೂಲಿ ಅಗ್ಗದ ಸ್ವಿಚ್‌ಗೆ ಸೇರಿದ್ದವು. ಮೌನವಾಗಿದ್ದವೆಲ್ಲ ಫೈಬರ್ ರಿಂಗ್‌ನಲ್ಲಿರುವ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್‌ಗೆ ಸೇರಿದ್ದವು.

ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಓಡುತ್ತಿತ್ತು, ಅದೂ ಹಳೆಯ ಮೋಡ್‌ನಲ್ಲಿ. ಕೇಬಲ್‌ನಲ್ಲಿ ಲಿಂಕ್ ಎದ್ದ ಕೂಡಲೇ ಆ ಸ್ವಿಚ್ ಪೋರ್ಟ್ ತೆರೆಯುವುದಿಲ್ಲ. ರಿಂಗ್‌ನಲ್ಲಿ ಪ್ಯಾಕೆಟ್‌ಗಳು ಸುತ್ತು ಹೊಡೆಯಬಾರದು ಅಂತ ಮೊದಲು 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಮತ್ತೆ 15 ಸೆಕೆಂಡ್ ಕಲಿಯುತ್ತದೆ. ಒಟ್ಟು 30 ಸೆಕೆಂಡ್ ಆದಮೇಲೆ ಪ್ಯಾಕೆಟ್ ದಾಟಲು ಬಿಡುತ್ತದೆ. ಅಷ್ಟು ಹೊತ್ತೂ ಲಿಂಕ್ ಲೈಟ್ ಹಸಿರಾಗೇ ಇರುತ್ತದೆ.

ಈಗ ಯು-ಬೂಟ್ ಕಡೆಯಿಂದ ನೋಡಿ. ಟಿಎಫ್‌ಟಿಪಿ ಶುರು ಮಾಡುವ ಮೊದಲು ಅದು ಸರ್ವರ್‌ನ ಮ್ಯಾಕ್ ವಿಳಾಸ ತಿಳಿಯಲು ಎಆರ್‌ಪಿ ಮೂಲಕ ಕೇಳುತ್ತದೆ. 5 ಸೆಕೆಂಡ್‌ಗೊಮ್ಮೆ ಕೇಳಿ, ಕೆಲವು ಸಲ ಉತ್ತರ ಬರದಿದ್ದರೆ ಕೈಬಿಡುತ್ತದೆ. ಇವರ ಆವೃತ್ತಿಯಲ್ಲಿ ಸುಮಾರು 20 ಸೆಕೆಂಡ್ ದಾಟುವ ಹೊತ್ತಿಗೆ ಕೈಬಿಡುತ್ತಿತ್ತು. ಸ್ವಿಚ್ ಬಾಗಿಲು ತೆರೆಯುವ ಸ್ವಲ್ಪ ಮೊದಲೇ ಇದು ಬೇಸತ್ತು ಹೊರಡುತ್ತಿತ್ತು. ಕೈಬಿಟ್ಟ ಮೇಲೆ ಯು-ಬೂಟ್ ಈಥರ್‌ನೆಟ್ ಅನ್ನು ನಿಲ್ಲಿಸುತ್ತದೆ, ಲಿನಕ್ಸ್ ಬಂದು ಮತ್ತೆ ಎಬ್ಬಿಸುತ್ತದೆ. ಲಿಂಕ್ ಬಿದ್ದು ಎದ್ದರೆ ಸ್ವಿಚ್‌ಗೆ ಮತ್ತೆ ಮೊದಲಿನಿಂದ 30 ಸೆಕೆಂಡ್!

ಇದಕ್ಕಿಂತ ದೊಡ್ಡ ವಿಷಯ ಚರ್ಚೆ ಮಾಡುವಾಗ ಹೊರಬಂತು. ಕಾರ್ಖಾನೆಗೆಲ್ಲ ಕರೆಂಟ್ ಕುಸಿದಾಗ ಬಾಕ್ಸ್ ಒಂದೇ ಅಲ್ಲ, ಸ್ವಿಚ್ ಕೂಡ ರೀಸ್ಟಾರ್ಟ್ ಆಗಬಹುದು. ಬಾಕ್ಸ್‌ನ ಯು-ಬೂಟ್ ಹಂತ ಕೆಲವೇ ಸೆಕೆಂಡ್. ಮ್ಯಾನೇಜ್ಡ್ ಸ್ವಿಚ್ ಏಳಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕಾಗುತ್ತದೆ. ಸಂದೇಶ ಅತಿ ಮುಖ್ಯವಾಗುವ ಆ ಗಳಿಗೆಯಲ್ಲೇ ಅದು ಹೋಗುವ ದಾರಿ ಇರುವುದಿಲ್ಲ.

ಪೋರ್ಟ್‌ಗಳನ್ನು ‘ಎಡ್ಜ್ ಪೋರ್ಟ್’ (ಆಚೆ ಇನ್ನೊಂದು ಸ್ವಿಚ್ ಇಲ್ಲದ ಪೋರ್ಟ್) ಅಂತ ಸೆಟ್ ಮಾಡಿದರೆ 30 ಸೆಕೆಂಡ್ ಕಾಯುವುದು ತಪ್ಪುತ್ತದೆ. ಆದರೆ ಸ್ವಿಚ್ ಕಾರ್ಖಾನೆಯದು, ಅದನ್ನು ನೋಡಿಕೊಳ್ಳುವ ಗುತ್ತಿಗೆದಾರರು ಬೇರೆ. ಹಂಗಾಮು ಮುಗಿಯುವ ತನಕ ಮುಟ್ಟಲ್ಲ ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಟಿಎಫ್‌ಟಿಪಿ ಸಾಲನ್ನು ಮ್ಯಾನೇಜ್ಡ್ ಸ್ವಿಚ್‌ನ ಬಾಕ್ಸ್‌ಗಳಿಂದ ಅದೇ ವಾರ ತೆಗೆದರು. ಇನ್ನೇನು ಮಾಡಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಯಾರಿಗೆ ಪುರುಸೊತ್ತಿದೆ?

ಎರಡು ವಾದ ಇದ್ದವು. ಸಂದೇಶ ಹೋಗಿದ್ದು ಖಾತ್ರಿಯಾಗುವ ತನಕ ಕಾಯಬೇಕು ಅಂತ ಒಬ್ಬರು. ಬೂಟ್ ಒಂದು ಸೆಕೆಂಡ್ ಕೂಡ ತಡವಾಗಬಾರದು ಅಂತ ಇನ್ನೊಬ್ಬರು. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಎಷ್ಟು ಸೆಕೆಂಡ್ ಕಾಯಬೇಕು ಅನ್ನುವ ಸಂಖ್ಯೆ ಮೇಲೆ ಚೌಕಾಶಿ ನಡೆಯುತ್ತಲೇ ಇತ್ತು.

ಗಂಟು ಬಿಚ್ಚಿದ್ದು ಫೋನ್‌ನಲ್ಲಿ ಮಾತಾಡಿದ್ದ ಅದೇ ಮೇಡಂ. ಅವರು ಹೇಳಿದ್ದು ಹೀಗೆ: “ಬೂಟ್ ಆಗ್ತಿರೋ ಬಾಕ್ಸ್‌ಗೆ ಮಾತಾಡೋ ಪುರುಸೊತ್ತಿಲ್ಲ, ಸರಿ. ಬೂಟ್ ಆಗದೆ ಇರೋ ಬಾಕ್ಸ್‌ಗೆ ಬೇರೆ ಕೆಲಸ ಏನಿದೆ? ಅದು ಬೇಕಾದಷ್ಟು ಹೊತ್ತು ಕೂಗ್ತಾ ಇರಲಿ.”

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಬೆಲೆ ಬಾಳುವುದು ಈ ಮಾತು. ಅಲ್ಲಿಯವರೆಗೆ ಎಲ್ಲರೂ ‘ಬೂಟ್‌ಲೋಡರ್ ಸಂದೇಶ’ ಅಂದರೆ ಒಂದೇ ವಸ್ತು ಅಂದುಕೊಂಡಿದ್ದರು. ಅಲ್ಲಿಂದ ಮುಂದೆ ಅದು ಎರಡಾಯಿತು. ಎಲ್ಲ ಸರಿ ಇದ್ದಾಗಿನ ದಾರಿ ಯಾವುದಕ್ಕೂ ಕಾಯಬಾರದು. ಸಂದೇಶ ಕಳೆದುಹೋದರೂ ನಷ್ಟವಿಲ್ಲ, ಯಾಕೆಂದರೆ ಸ್ವಲ್ಪ ಹೊತ್ತಿಗೆ ಲಿನಕ್ಸ್ ಎದ್ದು ಅದೇ ವಿಷಯವನ್ನು ಸುರಕ್ಷಿತ ದಾರಿಯಲ್ಲಿ ಹೇಳಬಲ್ಲದು. ರೀಸೆಟ್ ಕಾರಣ ಮತ್ತು ಬೂಟ್‌ಕೌಂಟ್ ಅನ್ನು ಕರ್ನಲ್ ಕಮಾಂಡ್ ಲೈನ್‌ನಲ್ಲಿ ಕೊಟ್ಟರೆ ಸಾಕು. ಸೋತಾಗಿನ ದಾರಿಯಲ್ಲಿ ಮಾತ್ರ ಬಾಕ್ಸ್ ನಿಲ್ಲಬಹುದು, ಪದೇ ಪದೇ ಹೇಳಬಹುದು. ಪದೇ ಪದೇ ಹೇಳಿದರೆ ಸ್ವಿಚ್ ಏಳುವ ತನಕವೂ, ಪೋರ್ಟ್ ತೆರೆಯುವ ತನಕವೂ ಹೇಳುತ್ತಲೇ ಇರುತ್ತದೆ. ಯಾರ ಸ್ವಿಚ್ಚನ್ನೂ ಮುಟ್ಟಬೇಕಾಗಿಲ್ಲ.

ಇದನ್ನು ಕೇಳಿದ ಮೇಲೆ ಎಲ್ಲರೂ ತಮ್ಮ ಯು-ಬೂಟ್ ಸ್ಕ್ರಿಪ್ಟ್ ಸೋತರೆ ಏನಾಗುತ್ತದೆ ಅಂತ ನೋಡಿದರು. ಕರ್ನಲ್ ಓದಲು ಆಗದಿದ್ದರೆ ಸ್ಕ್ರಿಪ್ಟ್ ಮುಗಿದು, ಯು-ಬೂಟ್ ತನ್ನ ಪ್ರಾಂಪ್ಟ್ ತೋರಿಸಿ ಸುಮ್ಮನೆ ಕೂರುತ್ತಿತ್ತು. ಯಾರೋ ಸೀರಿಯಲ್ ಕೇಬಲ್ ಹಾಕಿ ಟೈಪ್ ಮಾಡುತ್ತಾರೆ ಅಂತ ಕಾಯುತ್ತಾ! ಪ್ರಾಂಪ್ಟ್‌ನಲ್ಲಿ ಕಾಯುವಾಗಲೂ ವಾಚ್‌ಡಾಗ್‌ಗೆ ಸಮಾಧಾನ ಸಿಗುತ್ತಿರುತ್ತದೆ, ಹಾಗಾಗಿ ರೀಸೆಟ್ ಕೂಡ ಆಗುವುದಿಲ್ಲ. ಲೈಟ್ ಹತ್ತಿದೆ, ಡಾಟಾ ಇಲ್ಲ ಅನ್ನುವುದರ ಹಿಂದೆ ಇದೇ ಇದ್ದಿರಬೇಕು ಅನ್ನಿಸಿತು.

ಕಟ್ಟಿದ್ದು ಹೇಗೆ

2020ರ ಹೊತ್ತಿಗೆ ಬಂದ ಯು-ಬೂಟ್ ಆವೃತ್ತಿಗಳಲ್ಲಿ ಲಾಗ್ ಸಾಲುಗಳನ್ನು ಸಿಸ್‌ಲಾಗ್ (ಲಾಗ್ ಕಳಿಸುವ ಮಾಮೂಲಿ ವಿಧಾನ) ರೂಪದಲ್ಲಿ ಯುಡಿಪಿ 514ನೇ ಪೋರ್ಟ್‌ಗೆ ಬ್ರಾಡ್‌ಕಾಸ್ಟ್ ಮಾಡುವ, ಅಂದರೆ ಎಲ್ಲರಿಗೂ ಕೇಳುವಂತೆ ಕಳಿಸುವ, ಡ್ರೈವರ್ ಇದೆ. ಇವರ ಆವೃತ್ತಿ ಅದಕ್ಕಿಂತ ಹಳೆಯದು. ಇಡೀ ಯು-ಬೂಟ್ ಹೊಸದಕ್ಕೆ ಏರಿಸುವ ಬದಲು, ಅದೇ ರೀತಿಯ ಒಂದು ಚಿಕ್ಕ ಕಮಾಂಡ್ ಬರೆದರು. ಒಂದು ಫ್ರೇಮ್ ಕಟ್ಟು, ಕಳಿಸು, ವಾಪಸ್ ಬಾ. ಅಷ್ಟೇ.

ಬ್ರಾಡ್‌ಕಾಸ್ಟ್ ಯಾಕೆ ಅನ್ನುವ ಪ್ರಶ್ನೆ ಸಹಜ. ಒಂದೇ ಸರ್ವರ್‌ಗೆ ಕಳಿಸಬೇಕೆಂದರೆ ಎಆರ್‌ಪಿ ಬೇಕು, ಎಆರ್‌ಪಿ ಅಂದರೆ ಉತ್ತರಕ್ಕೆ ಕಾಯಬೇಕು. ಬ್ರಾಡ್‌ಕಾಸ್ಟ್‌ಗೆ ಯಾರ ಉತ್ತರವೂ ಬೇಡ. ಆದರೆ ಅದು ರೂಟರ್ ದಾಟುವುದಿಲ್ಲ, ಅದೇ ವಿಎಲ್ಎಎನ್‌ನಲ್ಲಿ (ಸ್ವಿಚ್‌ನಲ್ಲಿ ಬೇರೆ ಮಾಡಿಟ್ಟ ನೆಟ್‌ವರ್ಕ್ ಭಾಗದಲ್ಲಿ) ಕೇಳುವವರು ಇರಬೇಕು. ಇಲ್ಲಿ ಸರ್ವರ್‌ನ ಒಂದು ನೆಟ್‌ವರ್ಕ್ ಕಾರ್ಡ್ ಆ ವಿಎಲ್ಎಎನ್‌ನಲ್ಲೇ ಇದ್ದದ್ದು ಅನುಕೂಲವಾಯಿತು. ಇನ್ನೊಂದು ಎಚ್ಚರ: ಬ್ರಾಡ್‌ಕಾಸ್ಟ್ ಅಂದರೆ ಆ ವಿಎಲ್ಎಎನ್‌ನ ಪಿಎಲ್‌ಸಿಗಳೂ ಅದನ್ನು ನೋಡಿ ಬಿಸಾಡಬೇಕು. ಆದ್ದರಿಂದ ಸೋತ ಬಾಕ್ಸ್ 10 ಸೆಕೆಂಡ್‌ಗೊಮ್ಮೆ ಮಾತ್ರ ಕೂಗುತ್ತದೆ. ಎಲ್ಲ ಬಾಕ್ಸ್ ಒಂದೇ ಗಳಿಗೆಯಲ್ಲಿ ಕೂಗದಂತೆ ಸೀರಿಯಲ್ ನಂಬರ್ ನೋಡಿ ಸ್ವಲ್ಪ ಹಿಂದೆಮುಂದೆ ಮಾಡಿದರು.

ಸಂದೇಶ ಒಂದೇ ಸಾಲು, ಓದಿದರೆ ಅರ್ಥವಾಗುವಂಥದ್ದು. ಮೊದಲಿಗೆ ಸಿಸ್‌ಲಾಗ್‌ನ ಆದ್ಯತೆ ಸಂಖ್ಯೆ. ಲೋಕಲ್0 ಗುಂಪಿನ ಸಂಖ್ಯೆ 16, ಅದನ್ನು 8ರಿಂದ ಗುಣಿಸಿ ತೀವ್ರತೆ ಕೂಡಿಸಿದರೆ ಮಾಮೂಲಿ ಮಾಹಿತಿಗೆ 134, ಎರರ್‌ಗೆ 131. ಆಮೇಲೆ ಸೀರಿಯಲ್ ನಂಬರ್, ಎಷ್ಟನೇ ಸಂದೇಶ, ರೀಸೆಟ್ ಕಾರಣ, ಬೂಟ್‌ಕೌಂಟ್, ಸ್ಲಾಟ್, ಯಾವ ಹಂತದಲ್ಲಿ ಸೋತಿದೆ, ಎರರ್ ಸಂಖ್ಯೆ ಏನು. ಸಮಯ ಹಾಕಲಿಲ್ಲ. ಬೂಟ್‌ಲೋಡರ್‌ಗೆ ಗಂಟೆ ಎಷ್ಟು ಅಂತ ಗೊತ್ತಿಲ್ಲ, ತಲುಪಿದ ಸಮಯವನ್ನು ಸರ್ವರ್ ಬರೆದುಕೊಳ್ಳಲಿ. ಐಪಿ ವಿಳಾಸ ನಂಬಿ ಬಾಕ್ಸ್ ಗುರುತಿಸದೆ ಸೀರಿಯಲ್ ನಂಬರ್ ಇಟ್ಟದ್ದು ಒಳ್ಳೆಯದಾಯಿತು. ಬಾಕ್ಸ್‌ಗಳು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಬದಲಾಗುತ್ತಲೇ ಇರುತ್ತವೆ.

ಒಳ್ಳೆಯ ದಾರಿಯಲ್ಲಿ ಕಾಯದೆ ಕಳಿಸಲು ಒಂದು ಜಾಣತನ ಮಾಡಿದರು. ಯು-ಬೂಟ್ ಶುರುವಾದ ಕೂಡಲೇ ಈಥರ್‌ನೆಟ್ ಚಿಪ್‌ಗೆ ‘ಲಿಂಕ್ ಎಬ್ಬಿಸು’ ಅಂತ ಹೇಳಿ, ಅದರ ಪಾಡಿಗೆ ಬಿಟ್ಟು ಕರ್ನಲ್ ಓದಲು ಹೋಗುವುದು. ಕರ್ನಲ್ ಓದಿ ಸಹಿ ಪರೀಕ್ಷಿಸುವ ಹೊತ್ತಿಗೆ ಲಿಂಕ್ ಎದ್ದಿದ್ದರೆ ಒಂದು ಸಂದೇಶ ಕಳಿಸು, ಇಲ್ಲದಿದ್ದರೆ ಬಿಟ್ಟು ಕರ್ನಲ್‌ಗೆ ಹಾರು.

ಇಲ್ಲಿ ಒಂದು ಹೊಂಡ ಇತ್ತು. ಯು-ಬೂಟ್‌ನ ಮಾಮೂಲಿ ನೆಟ್‌ವರ್ಕ್ ಕಮಾಂಡ್‌ಗಳು ಶುರುವಿನಲ್ಲಿ ಈಥರ್‌ನೆಟ್ ಎಬ್ಬಿಸಿ, ಕೊನೆಯಲ್ಲಿ ನಿಲ್ಲಿಸುತ್ತವೆ. ಹೊಸ ಕಮಾಂಡ್‌ನ ಮೊದಲ ರೂಪವೂ ಹಾಗೇ ಇತ್ತು. ಈ ಸಲ ಕಾರ್ಖಾನೆಯಲ್ಲಿದ್ದ ಮಾಡೆಲ್‌ನ ಮ್ಯಾನೇಜ್ಡ್ ಸ್ವಿಚ್ಚನ್ನೇ ತರಿಸಿ ಟೇಬಲ್ ಮೇಲೆ ಇಟ್ಟಿದ್ದರು. ಸೋತ ದಾರಿಯಲ್ಲಿ ಬಾಕ್ಸ್ ಎಷ್ಟು ಹೊತ್ತು ಕೂಗಿದರೂ ಒಂದು ಸಂದೇಶವೂ ತಲುಪಲಿಲ್ಲ. ಕಾರಣ ಸರಳ: 10 ಸೆಕೆಂಡ್‌ಗೊಮ್ಮೆ ಲಿಂಕ್ ಬಿದ್ದು ಏಳುತ್ತಿದೆ, ಸ್ವಿಚ್‌ಗೆ 30 ಸೆಕೆಂಡ್ ಬೇಕು. ಆ ಪೋರ್ಟ್ ಎಂದೆಂದಿಗೂ ತೆರೆಯುವುದಿಲ್ಲ. ಸೋತ ದಾರಿಯಲ್ಲಿ ಈಥರ್‌ನೆಟ್ ಅನ್ನು ಒಮ್ಮೆ ಎಬ್ಬಿಸಿದರೆ ಮತ್ತೆ ನಿಲ್ಲಿಸಬಾರದು ಅಂತ ಬದಲಿಸಿದ ಮೇಲೆ ಸಂದೇಶ ಬರತೊಡಗಿತು. ಅದೇ ಸ್ವಿಚ್ ಟೇಬಲ್ ಮೇಲೆ ಇಲ್ಲದಿದ್ದರೆ ಈ ಹೊಂಡ ಕಾರ್ಖಾನೆಗೇ ಹೋಗುತ್ತಿತ್ತು.

ಹೊಸ ಯು-ಬೂಟ್ ಅನ್ನು ದೂರದಿಂದ ಯಾವ ಬಾಕ್ಸ್‌ಗೂ ಹಾಕಲಿಲ್ಲ. ಸ್ಪೇರ್ ಬಾಕ್ಸ್‌ಗಳಿಗೆ ಬೆಂಗಳೂರಲ್ಲೇ ಹಾಕಿ ಕಳಿಸಿದರು. ತೊಂದರೆ ಜಾಸ್ತಿ ಇದ್ದ ಪ್ಯಾನೆಲ್‌ಗಳಲ್ಲಿ, ಮಿಲ್ ಕ್ಲೀನಿಂಗ್‌ಗೆ ನಿಂತಾಗ, ಬಾಕ್ಸ್ ಬದಲಿಸಿದರು.

ಕೊನೆಗೆ ಬಂದ ಸಾಲು

ಒಂದು ಬೆಳಗಿನ ಜಾವ ಕರೆಂಟ್ ಕುಸಿಯಿತು. ಸರ್ವರ್‌ನಲ್ಲಿ ಒಂದು ಬಾಕ್ಸ್‌ನಿಂದ ಸಾಲುಗಳು ಬರತೊಡಗಿದವು. ಮೊದಲು ತಲುಪಿದ ಸಾಲಿನಲ್ಲಿದ್ದ ಸಂದೇಶ ಸಂಖ್ಯೆ 9. ಮೊದಲ ಎಂಟು ಸ್ವಿಚ್ ಏಳುವಷ್ಟರಲ್ಲಿ ಕಳೆದುಹೋಗಿದ್ದವು. ಒಂದೇ ಸಲ ಹೇಳಿ ಸುಮ್ಮನಾಗುವ ಹಾಗೆ ಮಾಡಿದ್ದರೆ ಅವತ್ತೂ ‘ಆಫ್‌ಲೈನ್’ ಅಂತಲೇ ಕಾಣುತ್ತಿತ್ತು.

ಸಾಲಿನಲ್ಲಿ ರೀಸೆಟ್ ಕಾರಣ ‘ಪವರ್ ಆನ್’ ಅಂತ ಇತ್ತು. ಸೋತ ಹಂತ ಇಎಂಎಂಸಿ, ಎರರ್ ಸಂಖ್ಯೆ -110. ಅಂದರೆ ಟೈಮ್‌ಔಟ್. ಯಾವ ವೋಲ್ಟೇಜ್‌ನಲ್ಲಿ ಕೆಲಸ ಮಾಡ್ತೀಯಾ ಅನ್ನುವ ಮೊದಲ ಪ್ರಶ್ನೆಗೇ ಇಎಂಎಂಸಿ ಉತ್ತರ ಕೊಟ್ಟಿಲ್ಲ.

ಆಗ ನೋಟ್‌ಬುಕ್‌ನ ‘ಹತ್ತು ಎಣಿಸಿ’ ಅರ್ಥವಾಯಿತು. ಕರೆಂಟ್ ಕ್ಷಣಮಾತ್ರ ಕುಸಿದಾಗ ಸಿಪಿಯು ರೀಸೆಟ್ ಆಗುತ್ತದೆ. ಆದರೆ ಇಎಂಎಂಸಿಯ ಲೈನ್‌ನಲ್ಲಿರುವ ಕೆಪಾಸಿಟರ್‌ಗಳು ಅದರ ವೋಲ್ಟೇಜ್ ಪೂರ್ತಿ ಇಳಿಯಲು ಬಿಡುವುದಿಲ್ಲ. ಇಎಂಎಂಸಿ ಅರ್ಧಂಬರ್ಧ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಫ್ ಮಾಡಿ ಹತ್ತು ಎಣಿಸಿದರೆ ಕೆಪಾಸಿಟರ್ ಖಾಲಿಯಾಗುತ್ತದೆ, ಎಲ್ಲ ಹೊಸದಾಗಿ ಶುರುವಾಗುತ್ತದೆ. ಟೇಬಲ್ ಮೇಲೆ ಯಾಕೆ ಕಾಣಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅಲ್ಲಿ ಎಲ್ಲರೂ ಸ್ವಿಚ್ ಆರಿಸಿ, ಚಹಾ ಕುಡಿದು ಬಂದು ಹಾಕುವವರೇ. ರಿಲೇ ಇಟ್ಟು, ಕರೆಂಟ್ ಕಡಿಯುವ ಸಮಯವನ್ನು ಮಿಲಿಸೆಕೆಂಡ್‌ಗಳಲ್ಲಿ ಬದಲಿಸುತ್ತಾ ಹೋದಾಗ ಟೇಬಲ್ ಮೇಲೂ ಅದೇ -110 ಸಿಕ್ಕಿತು.

ಪರಿಹಾರದಲ್ಲೂ ಒಂದು ನಿರ್ಧಾರ ಎಚ್ಚರದಿಂದ ಮಾಡಬೇಕಿತ್ತು. ಬೋರ್ಡ್‌ನಲ್ಲಿ ಇಎಂಎಂಸಿಯ ರೀಸೆಟ್ ಪಿನ್‌ಗೆ ತಂತಿ ಇತ್ತು. ಆದರೆ ಇಎಂಎಂಸಿ ಆ ಪಿನ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಅದರ ಇಎಕ್ಸ್‌ಟಿ-ಸಿಎಸ್‌ಡಿ ಎಂಬ ಸೆಟ್ಟಿಂಗ್ ಪಟ್ಟಿಯ 162ನೇ ಬೈಟ್‌ನಲ್ಲಿ ಹಾಗಂತ ಹೇಳಿರಬೇಕು. ಹುಟ್ಟಿನಿಂದ ಅದು ಆಫ್. ಆ ಬೈಟ್ ಅನ್ನು ಒಂದೇ ಸಲ ಬರೆಯಬಹುದು, ವಾಪಸ್ ತೆಗೆಯಲು ಆಗುವುದಿಲ್ಲ. ಆದ್ದರಿಂದ ಮೊದಲು ಟೇಬಲ್ ಮೇಲಿನ ಬಾಕ್ಸ್‌ಗೆ, ಆಮೇಲೆ ಸ್ಪೇರ್‌ಗಳಿಗೆ, ಕೊನೆಗೆ ಉಳಿದವಕ್ಕೆ ಬರೆದರು. ಸೋತ ದಾರಿಯಲ್ಲಿ ಯು-ಬೂಟ್ ಈಗ ಆ ಪಿನ್ ಎಳೆದು ಬಿಟ್ಟು, ಇಎಂಎಂಸಿಯನ್ನು ಮತ್ತೆ ಮಾತಾಡಿಸುತ್ತದೆ. ಸುಮಾರು ಎಲ್ಲ ಸಲ ಅದು ಎಚ್ಚರಾಗುತ್ತದೆ. ಎಚ್ಚರಾಗದವಕ್ಕೆ ಪವರ್ ಕಡಿಯುವುದೊಂದೇ ದಾರಿ. ಅದಕ್ಕಾಗಿ ಮುಂದಿನ ಬೋರ್ಡ್‌ನಲ್ಲಿ ಇಎಂಎಂಸಿಯ ಪವರ್‌ಗೇ ಒಂದು ಲೋಡ್ ಸ್ವಿಚ್ ಹಾಕಿದ್ದಾರೆ.

ನೆಟ್‌ವರ್ಕ್ ಸಂದೇಶ ಇಲ್ಲಿ ಏನನ್ನೂ ರಿಪೇರಿ ಮಾಡಲಿಲ್ಲ. ಎಲ್ಲಿ ನೋಡಬೇಕು ಅಂತ ತೋರಿಸಿತು, ಅದೂ ಒಂದು ಹಂತದ ಹೆಸರು ಮತ್ತು ಒಂದು ಎರರ್ ಸಂಖ್ಯೆಯಿಂದ. ಇಂಥದ್ದನ್ನು ಮಾಡಲು ಹೊರಟವರಿಗೆ ನನ್ನ ಸಲಹೆ ಇಷ್ಟು: ಬರೀ ‘ಸೋತಿದೆ’ ಅಂತ ಕಳಿಸಬೇಡಿ, ಯಾವ ಹಂತ, ಯಾವ ಸಂಖ್ಯೆ ಅನ್ನುವುದನ್ನು ಸೇರಿಸಿ. ಸಂದೇಶಕ್ಕೆ ಕ್ರಮಸಂಖ್ಯೆ ಹಾಕಿ, ಎಷ್ಟು ಕಳೆದುಹೋದವು ಅನ್ನುವುದೇ ಎಷ್ಟೋ ಸಲ ನೆಟ್‌ವರ್ಕ್‌ನ ಕಥೆ ಹೇಳುತ್ತದೆ. ಕೋಡ್ ಬರೆಯುವ ಮೊದಲು ಸ್ಥಳದಲ್ಲಿರುವ ಸ್ವಿಚ್ ಯಾವುದು ಅಂತ ಕೇಳಿ.

ಒಂದು ಕುರುಡು ಜಾಗ ಇನ್ನೂ ಇದೆ. ಯು-ಬೂಟ್ ಕರ್ನಲ್‌ಗೆ ಹಾರಿದ ಮೇಲೆ, ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಏಳುವ ಮೊದಲು ಕರ್ನಲ್ ಸತ್ತರೆ ಆಗ ಹೇಳುವವರು ಯಾರೂ ಇಲ್ಲ. ಅದಕ್ಕೆ ವಾಚ್‌ಡಾಗ್ ಮತ್ತು ಬೂಟ್‌ಕೌಂಟ್ ಜೋಡಿಯನ್ನು ಬಳಸುತ್ತಿದ್ದಾರೆ. ಕರ್ನಲ್ ಸತ್ತರೆ ವಾಚ್‌ಡಾಗ್ ರೀಸೆಟ್ ಮಾಡುತ್ತದೆ, ರೀಸೆಟ್ ಆದರೂ ಅಳಿಯದ ರಿಜಿಸ್ಟರ್‌ನಲ್ಲಿ ಯು-ಬೂಟ್ ಎಣಿಕೆ ಏರಿಸುತ್ತದೆ, ಲಿನಕ್ಸ್ ಪೂರ್ತಿ ಎದ್ದರೆ ಮಾತ್ರ ಅದು ಸೊನ್ನೆಗೆ ಬರುತ್ತದೆ. ಎಣಿಕೆ 3 ದಾಟಿದರೆ ಯು-ಬೂಟ್ ಬಿ ಸ್ಲಾಟ್‌ಗೆ ಹೋಗುತ್ತದೆ. ಅದೂ ಏಳದಿದ್ದರೆ ಸೋತ ದಾರಿಗೆ ಬಂದು, ‘ವಾಚ್‌ಡಾಗ್, ಎರಡೂ ಸ್ಲಾಟ್’ ಅಂತ ಕೂಗುತ್ತದೆ. ಕರ್ನಲ್‌ನ ಕೊನೆಯ ಸಾಲುಗಳನ್ನು ರೀಸೆಟ್ ದಾಟಿ ಉಳಿಯುವ ರ್‍ಯಾಮ್ ತುಣುಕಿನಲ್ಲಿ ಇಟ್ಟು, ಅದರಿಂದ ಒಂದು ಸಾಲನ್ನು ಯು-ಬೂಟ್ ತನ್ನ ಸಂದೇಶಕ್ಕೆ ಸೇರಿಸುವ ಕೆಲಸ ಈಗ ಟೇಬಲ್ ಮೇಲೆ ನಡೆಯುತ್ತಿದೆ.